ಬರೆಯುವವರಿದ್ದಾರೆ, ತಿದ್ದುವವರು ಬೇಕು

ಮಾನ್ಯ ಸಂಪಾದಕರೇ,

ಚುನಾವಣೆ ಹತ್ತಿರ ಬಂದಾಗಲೆಲ್ಲ ಕನ್ನಡದಲ್ಲಿ ಹೊಸ ಹೊಸ ರಾಜಕೀಯ ಅಭಿಪ್ರಾಯ ವೆಬ್‌ಸೈಟುಗಳು ಹುಟ್ಟಿಕೊಳ್ಳುತ್ತವೆ. ಎಂಟು-ಹತ್ತು ಮಂದಿ ಗೆಳೆಯರು, ಸಂಬಳವಿಲ್ಲ, ಜಾಹೀರಾತಿಲ್ಲ, ಹೇಳಬೇಕಾದದ್ದು ಮಾತ್ರ ಬೇಕಾದಷ್ಟಿದೆ. ಫಲಿತಾಂಶ ಬಂದು ವರ್ಷ ತುಂಬುವುದರೊಳಗೆ ಅವುಗಳಲ್ಲಿ ಹಲವು ನಿಂತಿರುತ್ತವೆ. ಹಳೆಯ ಲಿಂಕ್ ಒತ್ತಿದರೆ ಪುಟ ತೆರೆಯುವುದಿಲ್ಲ, ಇಲ್ಲವೇ ಅದೇ ವಿಳಾಸದಲ್ಲಿ ಯಾವುದೋ ಜೂಜಿನ ಜಾಹೀರಾತು ಕೂತಿರುತ್ತದೆ. ಅಲ್ಲಿ ಬರೆದವರ ಶ್ರಮ, ಆ ದಿನಗಳ ವಾದ-ಪ್ರತಿವಾದ ಎಲ್ಲವೂ ಗುರುತಿಲ್ಲದೆ ಹೋಗುತ್ತವೆ. ನಿಮ್ಮ ಓದುಗರಲ್ಲಿ ಇಂಥ ಕೆಲಸಕ್ಕೆ ಕೈಹಾಕಿದವರೂ ಹಾಕಬೇಕೆಂದಿರುವವರೂ ಇರುತ್ತಾರೆ ಎಂಬ ಕಾರಣಕ್ಕೆ ಈ ಪತ್ರ. ತುಸು ಉದ್ದವಾಗಿದೆ. ವಿಷಯವೇ ವಿವರ ಕೇಳುವಂಥದ್ದು.

ದುಡ್ಡಿಲ್ಲದೆ ನಿಂತಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಅನಿಸಿಕೆಯಲ್ಲಿ ದುಡ್ಡು ಎರಡನೆಯ ಕಾರಣ. ಬಂದ ಲೇಖನವನ್ನು ಓದಿ, ಅಂಕಿ ತಾಳೆ ನೋಡಿ, ತಿದ್ದಿ ಹೊರಗೆ ಬಿಡುವವರು ಇಲ್ಲದಿರುವುದೇ ಮೊದಲ ಕಾರಣ. ಕನ್ನಡದಲ್ಲಿ ಬರೆಯುವವರಿಗೆ ಯಾವತ್ತೂ ಬರ ಬಂದಿಲ್ಲ. ಹತ್ತು ಸ್ವಯಂಸೇವಕರು ಸೇರಿದರೆ ಒಂಬತ್ತು ಜನ ಬರೆಯುತ್ತೇವೆ ಎನ್ನುತ್ತಾರೆ, ಇನ್ನೊಬ್ಬರು ವಿನ್ಯಾಸ ಮಾಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬರ ಬರಹವನ್ನು ಹೆಸರಿಲ್ಲದೆ ತಿದ್ದುವ ಕೆಲಸಕ್ಕೆ ಯಾರೂ ಕೈ ಎತ್ತುವುದಿಲ್ಲ.

ಆ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು. ಸಾವಿರ ಪದಗಳ ಒಂದು ಲೇಖನಕ್ಕೆ, ಬರೆದವರ ಸಮಯ ಬಿಟ್ಟು, ಮೂರು ಗಂಟೆ ಹಿಡಿಯುತ್ತದೆ. ಮೊದಲ ಓದಿಗೆ ಅರ್ಧ ಗಂಟೆ, ಅಂಕಿ ಮತ್ತು ಹೇಳಿಕೆಗಳ ತಾಳೆಗೆ ಒಂದು ಗಂಟೆ, ಭಾಷೆ ತಿದ್ದಲು ಮುಕ್ಕಾಲು ಗಂಟೆ, ಬದಲಾವಣೆಗಳನ್ನು ಲೇಖಕರಿಗೆ ಫೋನಿನಲ್ಲಿ ಹೇಳಿ ಒಪ್ಪಿಸಲು ಕಾಲು ಗಂಟೆ, ತಲೆಬರಹ, ಚಿತ್ರ, ಅಪ್‌ಲೋಡ್ ಎಲ್ಲ ಸೇರಿ ಅರ್ಧ ಗಂಟೆ. ಉದ್ಯೋಗ, ಮನೆ ನೋಡಿಕೊಂಡು ಒಬ್ಬ ಸ್ವಯಂಸೇವಕರು ವಾರಕ್ಕೆ ನಿಜವಾಗಿ ಕೊಡಬಲ್ಲದ್ದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ವಾರಕ್ಕೆ ಐದು ಲೇಖನವೆಂದರೆ ತಿದ್ದುವವರು ಐವರು, ಜೊತೆಗೆ ಹಬ್ಬ, ಮದುವೆ, ಜ್ವರ, ಮಕ್ಕಳ ಪರೀಕ್ಷೆ ಎಂದು ತಪ್ಪುವವರ ಬದಲಿಗೆ ಇನ್ನಿಬ್ಬರು. ಏಳು ಜನ ಸಿಗದಿದ್ದರೆ ವಾರಕ್ಕೆ ಎರಡೇ ಲೇಖನ ಹಾಕಿ, ಆದರೆ ಪ್ರತಿ ವಾರವೂ ಅದೇ ದಿನ, ಅದೇ ಹೊತ್ತಿಗೆ ಹಾಕಿ. ದಿನಕ್ಕೊಂದು ಎಂದು ಹೊರಟ ಕಡೆ ಮೂರನೇ ತಿಂಗಳಿಗೆ ಓದದೆಯೇ ಪ್ರಕಟಿಸುವುದು ಶುರುವಾಗುತ್ತದೆ. ಅಲ್ಲಿಂದ ಮುಂದೆ ಒಂದು ತಪ್ಪು ಅಂಕಿ, ಒಂದು ನೋಟಿಸು, ಗೆಳೆಯರ ನಡುವೆ ಒಂದು ಜಗಳ ಸಾಕು.

ಅಭಿಪ್ರಾಯ ಬರಹಕ್ಕೆ ಅಂಕಿ ತಾಳೆ ಯಾಕೆ ಎಂದು ಕೇಳುವವರಿದ್ದಾರೆ. ಅಭಿಪ್ರಾಯ ಲೇಖಕರದ್ದು, ಅಂಕಿ ಯಾರದ್ದೂ ಅಲ್ಲ. ಒಂದು ಉದಾಹರಣೆ. ‘ಕೇಂದ್ರದ ತೆರಿಗೆ ಹಂಚಿಕೆಯಲ್ಲಿ ಕರ್ನಾಟಕದ ಪಾಲು ಶೇ 1ರಷ್ಟು ಇಳಿದಿದೆ’ ಎಂಬ ವಾಕ್ಯ ಲೇಖನಗಳಲ್ಲಿ ಬಂದೇ ಬರುತ್ತದೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ನಿಗದಿ ಮಾಡಿದ್ದ ಪಾಲು ಶೇ 4.713. 15ನೇ ಆಯೋಗ 2021–26ರ ಅವಧಿಗೆ ಕೊಟ್ಟದ್ದು ಶೇ 3.647. ವ್ಯತ್ಯಾಸ 1.066 ಪರ್ಸೆಂಟೇಜ್ ಪಾಯಿಂಟ್, ನಿಜ. ಆದರೆ ಪಾಲೇ ಎಷ್ಟು ಕುಗ್ಗಿತು ಎಂದು ಕೇಳಿದರೆ 1.066ನ್ನು 4.713ರಿಂದ ಭಾಗಿಸಬೇಕು, ಉತ್ತರ ಸುಮಾರು ಶೇ 22.6. ‘ಶೇ 1’ ಎಂದು ಓದಿದವರಿಗೆ ಇದೇನು ದೊಡ್ಡ ವಿಷಯ ಅನ್ನಿಸುತ್ತದೆ, ಶೇ 22.6 ಎಂದರೆ ಬೆಚ್ಚುತ್ತಾರೆ. ಇದರ ಜೊತೆಗೆ ಇನ್ನೊಂದು ಅಂಕಿ ಬೆರೆತು ಗೊಂದಲವಾಗುತ್ತದೆ. ಕೇಂದ್ರ ತೆರಿಗೆಯಲ್ಲಿ ಎಲ್ಲ ರಾಜ್ಯಗಳಿಗೂ ಸೇರಿ ಹಂಚುವ ಭಾಗ ಶೇ 42ರಿಂದ 41ಕ್ಕೆ ಇಳಿಯಿತು. ಅದು ಜಮ್ಮು-ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದ ಕಾರಣಕ್ಕೆ ಮಾಡಿದ ಬದಲಾವಣೆ. ಕರ್ನಾಟಕದ ಪಾಲಿನ ಕುಸಿತಕ್ಕೂ ಇದಕ್ಕೂ ಸಂಬಂಧವಿಲ್ಲ. ಸೆಸ್ ಮತ್ತು ಸರ್‌ಚಾರ್ಜ್ ಈ ಹಂಚಿಕೆಯ ಒಳಗೇ ಬರುವುದಿಲ್ಲ ಎಂಬುದನ್ನೂ ಲೇಖಕರು ಮರೆತಿರುತ್ತಾರೆ. ಒಂದೇ ವಾಕ್ಯದಲ್ಲಿ ಮೂರು ಎಡವಟ್ಟು. ತಿದ್ದುವವರು ಹಣಕಾಸು ಆಯೋಗದ ವರದಿ ಪಕ್ಕಕ್ಕಿಟ್ಟುಕೊಂಡು ಓದಿದ್ದರೆ ಹತ್ತು ನಿಮಿಷದ ಕೆಲಸ.

ಚುನಾವಣಾ ಬರಹಗಳಲ್ಲೂ ಹೀಗೆಯೇ. 2018ರಲ್ಲಿ ಬಿಜೆಪಿಗೆ 104 ಸ್ಥಾನ, 2023ರಲ್ಲಿ 66. ಇಷ್ಟನ್ನೇ ನೋಡಿ ‘ಮತದಾರರು ಕೈಬಿಟ್ಟರು’ ಎಂದು ತಲೆಬರಹ ಕೊಟ್ಟುಬಿಡುತ್ತಾರೆ. ಎರಡೂ ಸಲ ಆ ಪಕ್ಷಕ್ಕೆ ಬಿದ್ದ ಮತ ಶೇ 36ರ ಆಸುಪಾಸಿನಲ್ಲೇ ಇದೆ. ಕಾಂಗ್ರೆಸ್ ಶೇ 38ರಿಂದ ಸುಮಾರು 43ಕ್ಕೆ ಏರಿತು, ಜೆಡಿಎಸ್ ಶೇ 18ರಿಂದ 13ರ ಹತ್ತಿರಕ್ಕೆ ಇಳಿಯಿತು. ಇದರಿಂದ ಯಾವ ತೀರ್ಮಾನಕ್ಕೆ ಬರಬೇಕು ಎಂಬುದು ಲೇಖಕರಿಗೆ ಬಿಟ್ಟದ್ದು. ಆದರೆ ಸ್ಥಾನ ಮತ್ತು ಮತ ಎರಡನ್ನೂ ಓದುಗರ ಮುಂದಿಡದೆ ತೀರ್ಮಾನ ಮಾತ್ರ ಇಟ್ಟರೆ ಅದು ಅನ್ಯಾಯ.

ಇದಕ್ಕೆ ಪರಿಹಾರ ಬಹಳ ಸರಳ. ಪ್ರತಿ ಲೇಖನದ ಜೊತೆ ಒಂದು ಆಧಾರದ ಹಾಳೆ ಬರಬೇಕು. ಲೇಖನದಲ್ಲಿರುವ ಪ್ರತಿ ಅಂಕಿ, ಪ್ರತಿ ದಿನಾಂಕ, ಉದ್ಧರಣ ಚಿಹ್ನೆಯೊಳಗಿನ ಪ್ರತಿ ಮಾತು ಎಲ್ಲಿಂದ ಬಂತು, ಯಾವ ಪುಟ, ಯಾವ ವಿಡಿಯೊದ ಎಷ್ಟನೇ ನಿಮಿಷ ಎಂದು ಲೇಖಕರೇ ಬರೆದುಕೊಡಬೇಕು. ಮತಗಟ್ಟೆವಾರು ಲೆಕ್ಕವೆಂದರೆ ಚುನಾವಣಾಧಿಕಾರಿಯ ಫಾರಂ 20, ಅಭ್ಯರ್ಥಿಯ ಆಸ್ತಿ-ಮೊಕದ್ದಮೆ ಎಂದರೆ ಫಾರಂ 26ರ ಪ್ರಮಾಣಪತ್ರ, ರಾಜ್ಯದ ಖರ್ಚೆಂದರೆ ಬಜೆಟ್ ಪುಸ್ತಕ ಮತ್ತು ಸಿಎಜಿ ವರದಿ, ಶಾಸಕರ ಮಾತೆಂದರೆ ಸದನದ ನಡಾವಳಿ. ‘ಪತ್ರಿಕೆಯಲ್ಲಿ ಓದಿದ್ದೆ’ ಎಂಬುದು ಸಾಲದು. ಹಾಳೆಯಿಲ್ಲದ ಲೇಖನ ಎಷ್ಟೇ ಚೆನ್ನಾಗಿರಲಿ, ಎಷ್ಟೇ ದೊಡ್ಡವರದಾಗಿರಲಿ, ಹಾಕಬಾರದು. ಹಿಂದಿ ಅಥವಾ ಇಂಗ್ಲಿಷಿನ ಹೇಳಿಕೆಯನ್ನು ಕನ್ನಡಕ್ಕೆ ತಂದಿದ್ದರೆ ಮೂಲದ ಮಾತನ್ನೂ ಹಾಳೆಯಲ್ಲಿ ಇಡಬೇಕು. ಅನುವಾದದ ಅನುವಾದ ಆಗುತ್ತಾ ಹೋದ ಮಾತು ಕೊನೆಗೆ ಆ ಮನುಷ್ಯ ಆಡದ ಮಾತೇ ಆಗಿರುತ್ತದೆ.

ಲೇಖಕರು ಯಾವುದೇ ಪಕ್ಷದ ಸದಸ್ಯರೋ, ಪದಾಧಿಕಾರಿಯೋ, ಅಭ್ಯರ್ಥಿಯ ಪ್ರಚಾರ ತಂಡದವರೋ ಆಗಿದ್ದರೆ ಅದನ್ನು ಲೇಖನದ ಕೆಳಗೆ ಒಂದು ಸಾಲಿನಲ್ಲಿ ಹೇಳಬೇಕು. ಪಕ್ಷದವರು ಬರೆಯಬಾರದೆಂದಲ್ಲ, ಗೊತ್ತಾಗಿ ಬರೆಯಲಿ. ಕಾವ್ಯನಾಮದಲ್ಲಿ ಬರೆಯುವವರ ನಿಜ ಹೆಸರು ಕನಿಷ್ಠ ಇಬ್ಬರು ಸಂಪಾದಕರಿಗೆ ತಿಳಿದಿರಬೇಕು. ಕನ್ನಡದಲ್ಲಿ ಚೆನ್ನಾಗಿ ಬರೆಯುವವರಲ್ಲಿ ಸರ್ಕಾರಿ ಶಾಲೆ-ಕಾಲೇಜಿನ ಮೇಷ್ಟ್ರುಗಳು, ಇಲಾಖೆಗಳ ನೌಕರರು ಬಹಳ. ಅವರಿಗೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು ಅನ್ವಯಿಸುತ್ತವೆ, ಸರ್ಕಾರದ ನೀತಿಯ ಟೀಕೆ ಅವರ ಕೆಲಸಕ್ಕೇ ಕುತ್ತು ತರಬಹುದು. ಉತ್ಸಾಹದಲ್ಲಿ ಅವರು ಬರೆದುಕೊಟ್ಟರೂ ಈ ಮಾತನ್ನು ಅವರಿಗೆ ನೆನಪಿಸುವುದು ಸಂಪಾದಕರ ಕರ್ತವ್ಯ. ಹೆಸರು ಒಮ್ಮೆ ಹೊರಬಿದ್ದ ಮೇಲೆ ಅಳಿಸಿ ಪ್ರಯೋಜನವಿಲ್ಲ.

ಇನ್ನು ಅಕ್ಷರದ ಮಾತು. ಇದನ್ನು ಚಿಲ್ಲರೆ ಎಂದು ಬಿಡುವವರೇ ಹೆಚ್ಚು. ಹಿರಿಯ ಲೇಖಕರಿಂದ ಬರುವ ಬರಹ ಈಗಲೂ ‘ನುಡಿ’ ಅಥವಾ ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿರುತ್ತದೆ. ಎಲ್ಲ ಯಂತ್ರಗಳೂ ಓದುವ ಯುನಿಕೋಡಿಗೆ ಬದಲಾಯಿಸುವ ತಂತ್ರಾಂಶಗಳಿವೆ, ಆದರೆ ಬದಲಾದ ಮೇಲೆ ಕಣ್ಣಾರೆ ಓದಲೇಬೇಕು. ನಡುವೆ ಇದ್ದ ಇಂಗ್ಲಿಷ್ ಪದಗಳೂ ಕನ್ನಡದ ಅರ್ಥವಿಲ್ಲದ ಅಕ್ಷರಗಳಾಗಿರುತ್ತವೆ, ಉದ್ಧರಣ ಚಿಹ್ನೆಗಳು ಬೇರೇನೋ ಆಗಿರುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ. ಕನ್ನಡ ಅಂಕಿಯಲ್ಲಿ ಬರೆಯುವವರು ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತುವುದುಂಟು. ೨೦ ಮತ್ತು ೨ಂ ಕಣ್ಣಿಗೆ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ. ಅಂಧರು ಬಳಸುವ ಓದುವ ತಂತ್ರಾಂಶವೂ ಅಲ್ಲಿ ಎಡವುತ್ತದೆ. ‘ರ‍್ಯಾಲಿ’ ಸರಿಯಾಗಿ ಮೂಡಬೇಕಾದರೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಬೇಕು. ಅದು ಬಿದ್ದುಹೋದರೆ ‘ರ್ಯಾಲಿ’ ಆಗುತ್ತದೆ. ‘ವೆಬ್‌ಸೈಟ್’ ಎಂಬಲ್ಲಿ ಬ್ ಮತ್ತು ಸೈ ಕೂಡಿಕೊಳ್ಳದಂತೆ ತಡೆಯುವುದೂ ಇನ್ನೊಂದು ಕಾಣದ ಅಕ್ಷರವೇ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಆಗ ವೆಬ್‌ಸೈಟಿನ ಹುಡುಕು ಪೆಟ್ಟಿಗೆಯಲ್ಲಿ ಒಂದನ್ನು ಹಾಕಿದರೆ ಇನ್ನೊಂದು ಸಿಗುವುದಿಲ್ಲ. ಹುಡುಕುವಾಗ ಈ ಎರಡು ಕಾಣದ ಅಕ್ಷರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ತಂತ್ರಜ್ಞರಿಂದ ಮಾಡಿಸಿಕೊಳ್ಳಬೇಕು. ಹಾಗೆಯೇ ‘ೊ’, ‘ೋ’ ಮುಂತಾದ ಸ್ವರಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿ ತುಂಡುಗಳಾಗಿಯೂ ಬರೆಯಬಹುದಾದ್ದರಿಂದ, ಉಳಿಸುವ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಎನ್‌ಎಫ್‌ಸಿ ಎಂದರೆ ತಂತ್ರಜ್ಞರಿಗೆ ಅರ್ಥವಾಗುತ್ತದೆ.

ಹೆಸರುಗಳದ್ದೂ ಇದೇ ಕಥೆ. ಒಬ್ಬರು ‘ಸಿದ್ದರಾಮಯ್ಯ’ ಎಂದು, ಇನ್ನೊಬ್ಬರು ‘ಸಿದ್ಧರಾಮಯ್ಯ’ ಎಂದು ಟ್ಯಾಗ್ ಹಾಕಿದರೆ ಎರಡು ಪ್ರತ್ಯೇಕ ಪುಟಗಳಾಗಿ ಅರ್ಧರ್ಧ ಲೇಖನ ಹಂಚಿಹೋಗುತ್ತವೆ. 2014ರ ನವೆಂಬರ್ 1ರಿಂದ ಕಲಬುರಗಿ, ಬೆಳಗಾವಿ, ವಿಜಯಪುರ ಎಂದಾಗಿದ್ದರೂ ಗುಲ್ಬರ್ಗ, ಬೆಳಗಾಂ, ಬಿಜಾಪುರ ಎಂದು ಬರುತ್ತಲೇ ಇರುತ್ತವೆ. ನಾಲ್ಕು ಪುಟಗಳ ಒಂದು ಕಾಗುಣಿತ ಪಟ್ಟಿ ಮಾಡಿ ಎಲ್ಲರಿಗೂ ಕೊಟ್ಟರೆ ತಿದ್ದುವವರ ಅರ್ಧ ತಲೆನೋವು ಕಡಿಮೆ.

ಪುಟದ ವಿಳಾಸವನ್ನು ಕನ್ನಡ ತಲೆಬರಹದಿಂದ ತಾನಾಗಿ ಮೂಡಲು ಬಿಡಬೇಡಿ. ಒಂದೊಂದು ಕನ್ನಡ ಸಂಕೇತ ವಿಳಾಸದಲ್ಲಿ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ವೆಬ್‌ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್ ಆ ಜಾಗಕ್ಕೆ ಇಟ್ಟಿರುವ ಮಿತಿ 200 ಅಕ್ಷರ. ಅಂದರೆ 22 ಸಂಕೇತ ಮುಗಿಯುತ್ತಲೇ ತಲೆಬರಹ ಕತ್ತರಿಸಿಹೋಗುತ್ತದೆ. ‘ಕ್ಷ’ ಒಂದಕ್ಕೇ ಮೂರು ಸಂಕೇತ ಬೇಕೆಂಬುದನ್ನು ನೆನೆದರೆ 22 ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ವಾಟ್ಸ್‌ಆ್ಯಪಿನಲ್ಲಿ ಆ ಲಿಂಕ್ ಹಂಚಿದರೆ ಶೇಕಡಾ ಚಿಹ್ನೆಗಳ ಉದ್ದದ ಬಾಲ ಕಂಡು ಜನ ವೈರಸ್ ಎಂದು ಹೆದರುತ್ತಾರೆ. ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕೈದು ಪದದ ವಿಳಾಸವನ್ನು ಕೈಯಾರೆ ಕೊಡಿ, ಪ್ರಕಟವಾದ ಮೇಲೆ ಬದಲಿಸಬೇಡಿ. ಓದುವ ಪುಟದಲ್ಲಿ ಸಾಲುಗಳ ನಡುವಿನ ಅಂತರ ಅಕ್ಷರದ ಅಳತೆಯ 1.7ರಷ್ಟಾದರೂ ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡೂ ಅಂಚು ಸಮ ಮಾಡುವ ಅಭ್ಯಾಸ ಮೊಬೈಲಿನಲ್ಲಿ ಬೇಡ. ಕನ್ನಡದ ಉದ್ದ ಪದಗಳಿಂದಾಗಿ ನಡುವೆ ದೊಡ್ಡ ದೊಡ್ಡ ಕಂದಕ ಬೀಳುತ್ತವೆ.

ವೆಬ್‌ಸೈಟುಗಳು ಕಾಣೆಯಾಗುವುದು ಹೇಗೆಂಬುದಕ್ಕೆ ಈಗ ಬರುತ್ತೇವೆ. ಶುರುವಿನಲ್ಲಿ ಯಾರೋ ಒಬ್ಬರು ತಮ್ಮ ಸ್ವಂತ ಇಮೇಲ್, ಸ್ವಂತ ಕಾರ್ಡಿನಿಂದ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಕೊಂಡಿರುತ್ತಾರೆ. ಎರಡು ವರ್ಷದ ಮೇಲೆ ಅವರು ಬೇರೆ ದೇಶಕ್ಕೆ ಹೋಗುತ್ತಾರೆ, ನಂಬರ್ ಬದಲಾಗುತ್ತದೆ, ಕಾರ್ಡಿನ ಅವಧಿ ಮುಗಿಯುತ್ತದೆ, ನವೀಕರಣದ ಎಚ್ಚರಿಕೆ ಯಾರೂ ತೆರೆಯದ ಪೆಟ್ಟಿಗೆಗೆ ಬೀಳುತ್ತದೆ. ಡಾಟ್ ಕಾಮ್ ಹೆಸರಾದರೆ ಅವಧಿ ಮುಗಿದ ಮೇಲೆ ನೋಂದಣಿ ಕಂಪನಿ ಹೆಚ್ಚೆಂದರೆ 45 ದಿನ ಕಾಯುತ್ತದೆ, ಕಡಿಮೆಯೂ ಕಾಯಬಹುದು. ಆಮೇಲೆ 30 ದಿನ ಹೆಚ್ಚಿನ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದು. ಅದೂ ಕಳೆದು 5 ದಿನಕ್ಕೆ ಯಾರು ಬೇಕಾದರೂ ಕೊಳ್ಳುವಂತಾಗುತ್ತದೆ. ವರ್ಷಗಟ್ಟಲೆ ಜನ ಲಿಂಕ್ ಕೊಟ್ಟ ಹೆಸರಿಗೆ ಜೂಜಿನ ಕಂಪನಿಗಳು ಕಾದಿರುತ್ತವೆ. ಆದ್ದರಿಂದ ಡೊಮೇನನ್ನು ಒಂದೇ ಸಲ ಐದು ವರ್ಷಕ್ಕೆ ಕಟ್ಟಿಬಿಡಿ. ಡೊಮೇನ್, ಹೋಸ್ಟಿಂಗ್, ಇಮೇಲ್, ಬ್ಯಾಂಕ್, ಫೇಸ್‌ಬುಕ್ ಪುಟ, ಯೂಟ್ಯೂಬ್ ಚಾನೆಲ್ ಪ್ರತಿಯೊಂದರ ಕೀಲಿ ಇಬ್ಬಿಬ್ಬರ ಬಳಿ ಇರಲಿ. ಯಾರ ಬಳಿ ಏನಿದೆ ಎಂಬ ಒಂದು ಹಾಳೆ ಸಂಸ್ಥೆಯ ಕಡತದಲ್ಲಿರಲಿ, ವರ್ಷಕ್ಕೆರಡು ಸಲ ಅದನ್ನು ನೋಡಿ ಸಹಿ ಹಾಕಿ.

ಅಡ್ಮಿನಿಸ್ಟ್ರೇಟರ್ ಅಧಿಕಾರ ಇಬ್ಬರಿಗೆ ಸಾಕು, ಅದಕ್ಕೂ ಎರಡು ಹಂತದ ಲಾಗಿನ್ ಕಡ್ಡಾಯ. ಬರೆಯುವವರಿಗೆ ಕಾಂಟ್ರಿಬ್ಯೂಟರ್ ದರ್ಜೆ ಕೊಡಿ: ಅವರು ಬರೆದಿಡಬಹುದು, ಪ್ರಕಟಿಸಲಾಗದು. ತಿದ್ದುವವರ ಕಣ್ಣು ತಪ್ಪಿಸಿ ಏನೂ ಹೊರಹೋಗದಂತೆ ಇದೇ ತಡೆ. ಬ್ಯಾಕಪ್ ಎಂದರೆ ಡೇಟಾಬೇಸ್ ಮತ್ತು ಚಿತ್ರಗಳ ಕೋಶ ಎರಡೂ. ಹೋಸ್ಟಿಂಗ್ ಕಂಪನಿ ಇಟ್ಟುಕೊಳ್ಳುವ ಪ್ರತಿ ಆ ಕಂಪನಿಯ ಖಾತೆಯೊಳಗೇ ಇರುತ್ತದೆ, ಖಾತೆ ಹೋದರೆ ಅದೂ ಹೋದಂತೆ. ವಾರಕ್ಕೊಂದು ಪ್ರತಿ ಬೇರೆ ಕಡೆ, ತಿಂಗಳಿಗೊಂದು ಯಾರಾದರೊಬ್ಬರ ಮನೆಯ ಹಾರ್ಡ್ ಡಿಸ್ಕಿನಲ್ಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ಖಾಲಿ ಜಾಗದಲ್ಲಿ ವೆಬ್‌ಸೈಟನ್ನು ಎಬ್ಬಿಸಿ ನೋಡಬೇಕು. ಹಾಗೆ ನೋಡದ ಬ್ಯಾಕಪ್ಪನ್ನು ನಂಬಬೇಡಿ. ಮುಖ್ಯವೆನಿಸಿದ ಲೇಖನಗಳನ್ನು ವೆಬ್ ಪುಟಗಳ ಪ್ರತಿ ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲೂ ಉಳಿಸಿ, ಅದಕ್ಕೆ ಖರ್ಚಿಲ್ಲ.

ದುಡ್ಡಿನ ಲೆಕ್ಕ ಹೀಗೆ. ಡೊಮೇನ್, ಹೋಸ್ಟಿಂಗ್, ಇಮೇಲ್, ಬ್ಯಾಕಪ್ ಎಲ್ಲ ಸೇರಿ ಸಣ್ಣ ವೆಬ್‌ಸೈಟಿಗೆ ವರ್ಷಕ್ಕೆ 15 ಸಾವಿರ ರೂಪಾಯಿ ಧಾರಾಳ. ಅದಕ್ಕಿಂತ ಹೆಚ್ಚು ಬಂದರೆ ಕ್ಯಾಮೆರಾ, ಸ್ಟುಡಿಯೊ ಎಂದು ಓಡಬೇಡಿ, ಅರ್ಧ ದಿನದ ಒಬ್ಬ ಉಪಸಂಪಾದಕರಿಗೆ ಕೊಡಿ. ತಿಂಗಳಿಗೆ ನೂರು ರೂಪಾಯಿ ಕೊಡುವ 200 ಓದುಗರು ಸಿಕ್ಕರೆ 20 ಸಾವಿರ, ಆ ಸಂಬಳಕ್ಕೆ ಆಗುತ್ತದೆ. ಜಾಹೀರಾತಿಲ್ಲದೆ ಓದುಗರ ಕಾಸಿನಿಂದಲೇ ನಡೆಯಬಹುದೆಂಬುದನ್ನು 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಈ ನಾಡಿಗೆ ತೋರಿಸಿಕೊಟ್ಟಿದೆ. ತಿಂಗಳಿಗೊಮ್ಮೆ ತಾನಾಗಿ ಹಣ ಕಡಿತವಾಗುವ ಯುಪಿಐ ಆಟೊಪೇ ಅನುಕೂಲ, ಆದರೆ ಖಾತೆಯಲ್ಲಿ ಹಣವಿಲ್ಲದೆ, ಫೋನ್ ಬದಲಾಗಿ, ಬ್ಯಾಂಕ್ ಬದಲಾಗಿ ಪ್ರತಿ ತಿಂಗಳೂ ಕೆಲವರು ತಾವೇ ಅರಿಯದೆ ಕಳಚಿಕೊಳ್ಳುತ್ತಾರೆ. ಅವರಿಗೆ ಒಂದು ಸಂದೇಶ ಕಳಿಸುವ ಕೆಲಸ ಒಬ್ಬರ ಪಾಲಿಗಿರಲಿ. ಯಾರದೇ ಸ್ವಂತ ಖಾತೆಗೆ ದೇಣಿಗೆ ತೆಗೆದುಕೊಳ್ಳಲೇಬಾರದು. ತೆರಿಗೆಯ ತೊಡಕು ಒಂದು ಕಡೆ, ಅನುಮಾನ ಇನ್ನೊಂದು ಕಡೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನರಿದ್ದರೆ ಸಂಘ ಮಾಡಬಹುದು, ಇಲ್ಲವೇ ಟ್ರಸ್ಟ್ ಮಾಡಿ. ಅದರ ಹೆಸರಿನಲ್ಲಿ ಖಾತೆ ತೆರೆದು ಚೆಕ್ಕಿಗೆ ಎರಡು ಸಹಿ ಇಡಿ. ಪ್ರತಿ ತಿಂಗಳ 10ನೇ ತಾರೀಖಿನೊಳಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ವೆಬ್‌ಸೈಟಿನಲ್ಲೇ ಹಾಕಿ.

ಹೊರದೇಶದ ಕನ್ನಡಿಗರು ಪ್ರೀತಿಯಿಂದ ಕೊಡಲು ಬರುತ್ತಾರೆ, ಇಲ್ಲಿ ಬಹಳ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಹೊರಗಿರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ್ದೋ ಬ್ರಿಟನ್ನಿನದ್ದೋ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಕೊಟ್ಟದ್ದು ವಿದೇಶಿ ದೇಣಿಗೆಯೇ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 3ನೇ ಸೆಕ್ಷನ್ ಪ್ರಚಲಿತ ವಿದ್ಯಮಾನಗಳ ಕಾರ್ಯಕ್ರಮಗಳನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ತಯಾರಿಸುವ ಸಂಸ್ಥೆಗಳಿಗೆ ಇಂಥ ಹಣವನ್ನು ನಿಷೇಧಿಸಿದೆ. ದೇಣಿಗೆ ಪುಟದಲ್ಲಿ ಪೌರತ್ವದ ಪ್ರಶ್ನೆ ಮೊದಲು ಬರಲಿ, ಅಂತರರಾಷ್ಟ್ರೀಯ ಕಾರ್ಡ್ ಸೌಲಭ್ಯ ಮುಚ್ಚಿಟ್ಟಿರಲಿ. ಆ ಬಂಧುಗಳ ಸಮಯ, ಅನುವಾದ, ತಂತ್ರಜ್ಞಾನದ ಸಹಾಯ ಪಡೆಯೋಣ.

ಕಾನೂನಿನ ಇನ್ನೆರಡು ಮಾತು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 126ಎ ಸೆಕ್ಷನ್ ನಿಗದಿತ ಅವಧಿಯಲ್ಲಿ ಮತಗಟ್ಟೆ ಸಮೀಕ್ಷೆ ಪ್ರಕಟಿಸುವುದನ್ನು ನಿಷೇಧಿಸುತ್ತದೆ, ಅಂತರ್ಜಾಲವೂ ಅದರಲ್ಲಿ ಸೇರಿದೆ, ಎರಡು ವರ್ಷದವರೆಗೆ ಜೈಲಿದೆ. ವಾರದ ಮೊದಲೇ ಸಮಯ ನಿಗದಿ ಮಾಡಿಟ್ಟ ಲೇಖನ ತಾನಾಗಿ ಪ್ರಕಟವಾಗಿ ಸಿಕ್ಕಿಹಾಕಿಕೊಳ್ಳುವ ಸಂಭವವಿದೆ. ಮತದಾನ ಮುಗಿಯುವ ಹಿಂದಿನ 48 ಗಂಟೆಗೆ 126ನೇ ಸೆಕ್ಷನ್ನಿನ ಪ್ರಚಾರ ನಿರ್ಬಂಧವೂ ಇರುವುದರಿಂದ ಆ ದಿನಗಳ ನಿಗದಿ ಪಟ್ಟಿಯನ್ನು ಖಾಲಿ ಮಾಡಿಡಿ. ದೂರು ಕೇಳುವ ಒಬ್ಬರ ಹೆಸರು, ಇಮೇಲ್ ವೆಬ್‌ಸೈಟಿನಲ್ಲಿರಲಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ದೂರಿಗೆ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ತೀರ್ಮಾನ ಎಂದವು. ಆ ನಿಯಮಗಳಲ್ಲಿದ್ದ ಮೂರು ಹಂತದ ದೂರು ವ್ಯವಸ್ಥೆಗೆ ಬಾಂಬೆ ಹೈಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ತಡೆ ಕೊಟ್ಟಿತಾದರೂ, ಓದುಗರಿಗೆ ಬೇಗ ಉತ್ತರಿಸಲು ಕೋರ್ಟಿನ ಅಪ್ಪಣೆ ಬೇಕಿಲ್ಲ. ತಪ್ಪಾಗಿದ್ದರೆ ಗುಟ್ಟಾಗಿ ತಿದ್ದಬೇಡಿ. ಲೇಖನದ ತಲೆಯ ಮೇಲೆಯೇ, ಯಾವ ದಿನ, ಯಾವ ಅಂಕಿ ಏನಿದ್ದದ್ದು ಏನಾಯಿತು ಎಂದು ಬರೆಯಿರಿ. ಟೀಕೆಗೆ ಗುರಿಯಾದವರು ಉತ್ತರ ಬರೆದರೆ ವಾರದೊಳಗೆ ಅಷ್ಟೇ ಎದ್ದುಕಾಣುವಂತೆ ಹಾಕಿ. ಚಿತ್ರಗಳನ್ನು ಗೂಗಲ್‌ನಿಂದ ಎತ್ತಬೇಡಿ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಬೇಕಾದಷ್ಟಿವೆ, ತೆಗೆದವರ ಹೆಸರು ಮತ್ತು ಪರವಾನಗಿಯ ಹೆಸರು ಕೆಳಗೆ ಕೊಟ್ಟರೆ ಆಯಿತು.

ಕೊನೆಯದಾಗಿ ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಪತ್ರಿಕೆಯೂ ಸೇರಿ ಕನ್ನಡ ಪತ್ರಿಕೆಗಳ ಸುದ್ದಿಮನೆಗಳಲ್ಲಿ ಮೂವತ್ತು ವರ್ಷ ಡೆಸ್ಕಿನಲ್ಲಿ ಕೂತು ನಿವೃತ್ತರಾದ ಉಪಸಂಪಾದಕರು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ಮನೆಯಲ್ಲಿದ್ದಾರೆ. ಅವರ ಹೆಸರು ಎಲ್ಲೂ ಅಚ್ಚಾಗಿಲ್ಲ, ಆದರೆ ಈ ಕೆಲಸ ಅವರಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ವಾರಕ್ಕೆ ಒಂದು ಲೇಖನ, ಮನೆಯಲ್ಲೇ ಕೂತು, ಮೂರು ಗಂಟೆ. ಗೂಗಲ್ ಡಾಕ್ಸ್‌ನಲ್ಲಿ ಕೆಂಪು ಗೆರೆ ಹಾಕುವುದನ್ನು ಹುಡುಗರು ಅರ್ಧ ದಿನದಲ್ಲಿ ಕಲಿಸಿಕೊಡುತ್ತಾರೆ. ಕಾಗದದಲ್ಲೇ ತಿದ್ದಿ ಫೋಟೊ ಕಳಿಸಿದರೂ ನಡೆಯುತ್ತದೆ. ಇಂಥ ವೆಬ್‌ಸೈಟುಗಳಿಗೆ ನೆರವಾಗಲು ಮನಸ್ಸಿರುವ ಹಿರಿಯರು ತಮ್ಮ ಊರು, ತಿದ್ದಬಲ್ಲ ವಿಷಯ, ವಾರದ ಯಾವ ದಿನ ಬಿಡುವು ಎಂಬುದನ್ನು ಬರೆದು ನಿಮಗೆ ಕಳಿಸಲಿ ಎಂದು ಇದೇ ಅಂಕಣದಲ್ಲಿ ಒಂದು ಕರೆ ಕೊಡುತ್ತೀರಾ? ಬಂದ ಪಟ್ಟಿಯನ್ನು ಕೇಳಿದವರಿಗೆ ತಲುಪಿಸುವ ಕೆಲಸ ನಾವು ಮಾಡುತ್ತೇವೆ.

ಇಂತಿ,
ಅಂತರ್ಜಾಲದಲ್ಲಿ ಕನ್ನಡ ಬರಹ ತಿದ್ದುವ ಕೆಲವು ಸ್ವಯಂಸೇವಕರು
ಬೆಂಗಳೂರು